ಹಾಲುಗೈಗೆ ಸೋಪು

ನನ್ನ ಕೈಯ ಬಣ್ಣ ಬದನೆಕಾಯಿಯದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮೂರಲ್ಲಿ ಹೆಸರು ಕೇಳುವ ಮೊದಲು ಕೈ ನೋಡುತ್ತಾರೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸಿಗೆ ಇಲ್ಲಿ ಎಲ್ಲರ ಕೈಗೂ ಒಂದೊಂದು ಬಣ್ಣ ಇಳಿಯುತ್ತದೆ. ಆಮೇಲೆ ಸಾಯುವವರೆಗೂ ಮುಟ್ಟಿದ್ದಕ್ಕೆಲ್ಲ ಅದು ಅಂಟುತ್ತದೆ. ನಮ್ಮಪ್ಪನದು ಆಕಾಶನೀಲಿ, ಅಮ್ಮನದು ಮೆಂತ್ಯದ ಹಳದಿ. ನನಗೆ ಗುಲಾಬಿಯೋ ಗಿಳಿಹಸಿರೋ ಬರಲೆಂದು ಅಮ್ಮ ಹರಕೆ ಹೊತ್ತಿದ್ದಳಂತೆ. ಬಂದದ್ದು ಬದನೆಕಾಯಿ. ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ "ಹೋಗ್ಲಿ ಬಿಡು, ಕೊಳೆ ಕಾಣಲ್ಲ" ಎಂದು ಸುಮ್ಮನಾದಳು.

ಸೋಪು ಹಚ್ಚಿ ತೊಳೆದರೆ ಬಣ್ಣ ಹೋಗುತ್ತದೆ. ಆದರೆ ಕೈಯೊಳಗಿನದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಿಗೆ ಮತ್ತೆ ಮೇಲೆ ಬಂದುಬಿಡುತ್ತದೆ. ಹಾಗಾಗಿ ನಮ್ಮೂರಿನವರಷ್ಟು ಕೈ ತೊಳೆಯುವ ಜನ ಇನ್ನೆಲ್ಲೂ ಇರಲಿಕ್ಕಿಲ್ಲ. ಇಡ್ಲಿಯ ಮೇಲೆ ಭಟ್ಟರ ಹಸಿರು ಬೆರಳು ಮೂಡಿದ್ದರೆ ಯಾರು ತಿನ್ನುತ್ತಾರೆ ಹೇಳಿ? ಬಸ್ಸಿನ ಕಂಬಿ ಸಂಜೆಯ ಹೊತ್ತಿಗೆ ಓಕುಳಿ ಆಡಿದ ಹಾಗಿರುತ್ತದೆ. ಕದ್ದು ಉಪ್ಪಿನಕಾಯಿ ತಿಂದವರು, ಕದ್ದು ಪ್ರೀತಿ ಮಾಡಿದವರು, ಇಬ್ಬರೂ ಬೆಳಗಾಗುವುದರೊಳಗೆ ಸಿಕ್ಕಿಬೀಳುತ್ತಾರೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ತನ್ನ ಸಾಸಿವೆಹೂವಿನ ಬಣ್ಣವನ್ನು ನನ್ನ ಬೆನ್ನ ಮೇಲೆ ಬಿಟ್ಟು, ಅದು ಅತ್ತೆಯ ಕಣ್ಣಿಗೆ ಬಿದ್ದು, ನಾನು ಒಂದು ವಾರ ತಲೆ ಎತ್ತಿರಲಿಲ್ಲ. ಈಗ ಅವರೂ ಇಲ್ಲ, ಅತ್ತೆಯೂ ಇಲ್ಲ. ನಾನಿದ್ದೇನೆ, ಶಿಶುವಿಹಾರ ಇದೆ.

ಶಿಶುವಿಹಾರ ಇರುವುದು ಹಪ್ಪಳದ ಕಾರ್ಖಾನೆಯ ಹಿಂದೆ. ಕೆಲಸಕ್ಕೆ ಹೋಗುವ ಹೆಂಗಸರು ಎಂಟು ಗಂಟೆಯ ಸೈರನ್ನಿಗೆ ಮಕ್ಕಳನ್ನು ತಂದು ಬಿಟ್ಟು, ಸಂಜೆಯ ಸೈರನ್ನಿಗೆ ಎತ್ತಿಕೊಂಡು ಹೋಗುತ್ತಾರೆ. ಒಟ್ಟು ಇಪ್ಪತ್ತೆರಡು ಮಕ್ಕಳು, ವರ್ಷ ತುಂಬದ ಕೂಸಿನಿಂದ ಹಿಡಿದು ಐದು ವರ್ಷದವರವರೆಗೆ. ವನಮಾಲಾ ಟೀಚರ್ ಹಾಡು, ಕಥೆ, ಅಕ್ಷರ ನೋಡಿಕೊಳ್ಳುತ್ತಾರೆ. ಮಿಕ್ಕಿದ್ದೆಲ್ಲ ನನ್ನದು. ಅಡುಗೆ ನಾನೇ, ಉಣಿಸುವುದು ನಾನೇ, ಕುಂಡಿ ತೊಳೆಯುವುದು ನಾನೇ, ತೊಟ್ಟಿಲು ತೂಗುವುದೂ ನಾನೇ. ಹತ್ತೊಂಬತ್ತು ವರ್ಷವಾಯಿತು. ಹೆಸರು ಚಿಕ್ಕತಾಯಮ್ಮ, ಆದರೆ ಟೀಚರಿನಿಂದ ಹಿಡಿದು ಎಲ್ಲರಿಗೂ ನಾನು ತಾಯಕ್ಕ. ಸಂಜೆ ಮಕ್ಕಳು ಮನೆಗೆ ಹೋಗುವಾಗ ಎಲ್ಲರ ಕೆನ್ನೆಯ ಮೇಲೂ ಬದನೆಕಾಯಿ ಬಣ್ಣ ಇರುತ್ತಿತ್ತು. "ಇವತ್ತು ನಮ್ಮ ಮಗೂಗೆ ಕಮ್ಮಿ ಬಿದ್ದಿದೆಯಲ್ಲ ತಾಯಕ್ಕ, ಮುದ್ದು ಮಾಡ್ಲಿಲ್ವಾ?" ಎಂದು ತಾಯಂದಿರು ರೇಗಿಸುತ್ತಿದ್ದರು. ನನಗೆ ಅದೇ ಸಂಬಳಕ್ಕಿಂತ ಹೆಚ್ಚು.

ಚಿಕ್ಕ ಮಕ್ಕಳ ಕೈಗೆ ಬಣ್ಣವಿಲ್ಲ. ಅದನ್ನು ಹಾಲುಗೈ ಅನ್ನುತ್ತೇವೆ. ಹಾಲುಗೈ ಏನನ್ನು ಮುಟ್ಟಿದರೂ ಗುರುತೇ ಉಳಿಯುವುದಿಲ್ಲ. ಅಂಥ ಕೈಗಿಂತ ಶುದ್ಧವಾದದ್ದು ಬೇರೆ ಯಾವುದಿದೆ? ಉಪ್ಪಿನಕಾಯಿ ಜಾಡಿಗೆ ಮೊದಲ ಉಪ್ಪು ಹಾಕಿಸುವುದು ಹಾಲುಗೈಯಿಂದ, ಹೊಸ ಅಕ್ಕಿ ಮುಟ್ಟಿಸುವುದು ಹಾಲುಗೈಯಿಂದ. ಆ ಕೈಗೆ ಸೋಪು ಹಚ್ಚುವಂತಿಲ್ಲ. ಹಚ್ಚಿದರೆ ಮುಂದೆ ಬಣ್ಣ ಮಾಸಲಾಗಿ ಇಳಿಯುತ್ತದೆ ಎಂದು ಅಜ್ಜಿಯರ ಕಟ್ಟಪ್ಪಣೆ. ಮಣ್ಣಾಡಿದರೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆವು, ಅಷ್ಟೆ. ನಮ್ಮ ಶಿಶುವಿಹಾರದಲ್ಲಿ ಇನ್ನೂ ಒಂದು ಪದ್ಧತಿಯಿತ್ತು. ಮಧ್ಯಾಹ್ನದ ಮೊಸರನ್ನದ ಪಾತ್ರೆಯನ್ನು ಕೆಳಗಿಳಿಸಿದ ಮೇಲೆ, ದಿನಕ್ಕೊಂದು ಮಗು ಸರದಿಯಲ್ಲಿ ಅದರೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು, ಎಲ್ಲರ ಬಾಯಿಗೂ ಚೂರು ಚೂರು ಇಡಬೇಕು. ಆಮೇಲೆಯೇ ಊಟ. ಪಾತ್ರೆ ದೊಡ್ಡದು, ಮಕ್ಕಳು ಚಿಕ್ಕವು. ಹಾಗಾಗಿ ಸೊಂಟ ಹಿಡಿದು ಎತ್ತಿ ಬಗ್ಗಿಸುತ್ತಿದ್ದವಳು ನಾನು. ಆ ಹೊತ್ತಿನಲ್ಲಿ ಮಕ್ಕಳು ಕಿಲಕಿಲ ನಗುವುದನ್ನು ನೀವು ನೋಡಬೇಕಿತ್ತು.

ಇಪ್ಪತ್ತೆರಡರಲ್ಲಿ ನನಗೆ ಭೇದವಿಲ್ಲ ಎಂದು ಹೇಳುತ್ತಾ ಬಂದಿದ್ದೇನೆ. ಅದು ಸುಳ್ಳು. ಸೌಪರ್ಣಿಕಾ ಎಂದು ಒಂದು ಹುಡುಗಿ, ಹೆಸರು ಮಾರುದ್ದ, ಆಳು ಗೇಣುದ್ದ. ನಾವು ಪಣ್ಣಿ ಎನ್ನುತ್ತೇವೆ. ಅವರಮ್ಮ ಜಯಶೀಲಾ ಒಂಬತ್ತು ತಿಂಗಳ ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿ, ಗೇಟಿನವರೆಗೆ ಹೋಗಿ ಏಳು ಸಲ ವಾಪಸು ಬಂದಿದ್ದಳು. ಗಂಡ ಲಾರಿಯಲ್ಲಿ ಊರೂರು ಸುತ್ತುವವನು. ಮನೆಯಲ್ಲಿ ಅತ್ತೆಗೆ ಕಣ್ಣು ಮಂದ. ಹಪ್ಪಳ ಒತ್ತುವ ಕೈಯಾದ್ದರಿಂದ ಜಯಶೀಲಾ ದಿನಕ್ಕೆ ನಲವತ್ತು ಸಲ ಕೈ ತೊಳೆಯುತ್ತಿದ್ದಳು, ಅವಳ ಬೆರಳ ತುದಿಯ ಚರ್ಮವೆಲ್ಲ ಸುಕ್ಕುಗಟ್ಟಿಹೋಗಿತ್ತು. ಪಣ್ಣಿಗೆ ನನ್ನ ಹೆಗಲ ಮೇಲೇ ಹಲ್ಲು ಬಂದವು, ನನ್ನ ಸೆರಗು ಹಿಡಿದೇ ಅವಳು ಹೆಜ್ಜೆ ಇಟ್ಟಳು. ಎರಡೂವರೆ ವರ್ಷಕ್ಕೆ ನನ್ನ ಮೇಲೆ ಅಧಿಕಾರ ಚಲಾಯಿಸುತ್ತಿದ್ದಳು. "ತಾಯಿ, ಎತ್ತು" ಅಂದರೆ ಎತ್ತಬೇಕು, ಸಾರು ಉಕ್ಕಿದರೆ ಉಕ್ಕಲಿ.

ಮಳೆಗಾಲದ ಆರಂಭದಲ್ಲಿ ಒಂದು ಬುಧವಾರ ಲಿಖಿತನೆಂಬ ಹುಡುಗನಿಗೆ ಭೇದಿ ಶುರುವಾಯಿತು. ಹಲ್ಲು ಬರುತ್ತಿರಬೇಕು ಎಂದೆವು. ಶುಕ್ರವಾರಕ್ಕೆ ಮೂರು ಮಕ್ಕಳಾದವು. ಹಲ್ಲು ಮೂವರಿಗೂ ಒಟ್ಟಿಗೆ ಬರುತ್ತದೆಯೇ? ಸೋಮವಾರ ಏಳು. ನಾನು ನೀರನ್ನು ಕುದಿಸಿ ಆರಿಸಿ ಕೊಟ್ಟೆ. ಬೇಳೆಯನ್ನು ನುಣ್ಣಗೆ ಬೇಯಿಸಿದೆ. ನೆಲವನ್ನು ಬ್ರಷ್ ಹಾಕಿ ತಿಕ್ಕಿದೆ. ಒಂದೊಂದು ಮಗುವನ್ನು ತೊಳೆದಾಗಲೂ ಮೊಣಕೈವರೆಗೆ ಸೋಪು ಹಾಕಿಕೊಂಡೆ. ಆದರೂ ನಿಲ್ಲಲಿಲ್ಲ. ಟೀಚರಿಗೂ ಎರಡು ದಿನ ಹೊಟ್ಟೆ ಹಿಡಿಯಿತು. ಕೆಲವರು ದೃಷ್ಟಿ ತೆಗೆಸಿದರು, ಕೆಲವರು ದಾಳಿಂಬೆ ಸಿಪ್ಪೆ ಅರೆದು ಕುಡಿಸಿದರು. ಕೆಲಸ ಬಿಡಲಾಗದ ತಾಯಂದಿರು "ಈಗ ಪರವಾಗಿಲ್ಲ ತಾಯಕ್ಕ, ಬೆಳಗ್ಗೆಯಿಂದ ಎರಡೇ ಸಲ" ಎಂದು ಬಿಟ್ಟುಹೋಗುತ್ತಿದ್ದರು. ನಾನೂ ಇಟ್ಟುಕೊಳ್ಳುತ್ತಿದ್ದೆ. ಮಧ್ಯಾಹ್ನ ಸರದಿ ಬಂದರೆ ಆ ಮಗುವನ್ನೇ ಪಾತ್ರೆಗೆ ಬಗ್ಗಿಸುತ್ತಿದ್ದೆ. ಕಾಯಿಲೆ ಬಿದ್ದ ಮಗು, ಪಾಪ, ಸರದಿ ತಪ್ಪಿದರೆ ಬೇಜಾರು ಮಾಡಿಕೊಳ್ಳುವುದಿಲ್ಲವೇ?

ಹತ್ತನೆಯ ದಿನ ಪಣ್ಣಿ ಮಲಗಿದಳು. ಬೆಳಗ್ಗೆ ನಾಲ್ಕು ಸಲ ಆಯಿತು, ಮಧ್ಯಾಹ್ನದೊಳಗೆ ಲೆಕ್ಕ ತಪ್ಪಿತು. ಕುಡಿಸಿದ್ದೆಲ್ಲ ವಾಂತಿ. ಅಳುತ್ತಿದ್ದಳು, ಕಣ್ಣಲ್ಲಿ ನೀರಿಲ್ಲ. ಕಣ್ಣು ಒಳಕ್ಕೆ ಹೋಗಿತ್ತು, ತುಟಿ ಒಣಗಿತ್ತು. "ತಾಯಿ, ಎತ್ತು" ಅನ್ನಲೂ ಅವಳಿಗೆ ತ್ರಾಣವಿರಲಿಲ್ಲ. ಮಗುವನ್ನು ಎತ್ತಿಕೊಂಡು ಕಾರ್ಖಾನೆಯ ಬಾಗಿಲಿಗೆ ಓಡಿ ಜಯಶೀಲಾಳನ್ನು ಕೂಗಿದೆ. ಅವಳು ಹಿಟ್ಟಿನ ಕೈಯಲ್ಲೇ ಬಂದು ಮಗುವನ್ನು ಕಿತ್ತುಕೊಂಡು ಆಟೋ ಹತ್ತಿದಳು. ನಾನು ಹತ್ತಲು ಹೋದೆ. ಅವಳು ಮಗುವನ್ನೊಮ್ಮೆ ನೋಡಿದಳು. ಕೆನ್ನೆ, ಗಲ್ಲ, ಹೊಟ್ಟೆ, ಕಾಲು, ಎಲ್ಲ ಕಡೆ ನನ್ನ ಬದನೆಕಾಯಿ ಬಣ್ಣ. ಆಮೇಲೆ ನನ್ನನ್ನು ನೋಡಿ "ನೀನು ಬರ್ಬೇಡ" ಎಂದಳು.

ಮರುದಿನ ಶಿಶುವಿಹಾರದ ಕಮಿಟಿ ಬಂತು. ಅಧ್ಯಕ್ಷರು ಶಿವನಂಜಪ್ಪನವರು, ಅಂಚೆ ಕಚೇರಿಯಿಂದ ನಿವೃತ್ತರಾದವರು, ಒಳ್ಳೆಯವರೇ. ಅವರ ಮೊಮ್ಮಗ ಹರ್ಷನೂ ನಮ್ಮಲ್ಲಿಗೇ ಬರುತ್ತಿದ್ದ. ನಮ್ಮೂರಲ್ಲಿ ಯಾವ ತಕರಾರಿದ್ದರೂ ಮೊದಲು ಬಣ್ಣ ನೋಡುವುದು. ಅವರು ಕೈ ಹಿಂದೆ ಕಟ್ಟಿಕೊಂಡು ಒಳಗೆಲ್ಲ ಸುತ್ತಿದರು. ಲೋಟದ ಮೇಲೆ ಬದನೆಕಾಯಿ, ತಟ್ಟೆಯ ಅಂಚಿಗೆ ಬದನೆಕಾಯಿ, ನಲ್ಲಿ, ತೊಟ್ಟಿಲು, ಜೋಕಾಲಿಯ ಹಗ್ಗ, ಕಿಟಕಿಯ ಸರಳು, ಎಲ್ಲದಕ್ಕೂ ಬದನೆಕಾಯಿ. ಟೀಚರ ಹೆಸರುಬೇಳೆ ಬಣ್ಣ ಕರಿಹಲಗೆಯ ಹತ್ತಿರ ಒಂದಿಷ್ಟು ಇತ್ತು. ಬೇರೆ ಯಾವ ಬಣ್ಣವೂ ಇರಲಿಲ್ಲ.

"ತಾಯಕ್ಕ, ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ಕಣ್ಣಿಗೆ ಕಾಣೋದನ್ನ ಇಲ್ಲ ಅನ್ನಕ್ಕಾಗುತ್ತಾ?" ಎಂದರು.

"ಕೆಲಸ ಮಾಡೋ ಕೈ ಎಲ್ಲಾ ಕಡೆ ಇರುತ್ತೆ ನಂಜಪ್ಪೋರೆ. ಕೂತಿರೋ ಕೈ ಒಂದೇ ಕಡೆ ಇರುತ್ತೆ," ಎಂದೆ. ಅವರು ಕೂತೇ ಇರುವವರಾದ್ದರಿಂದ ಅದು ಅವರಿಗೆ ನಾಟಿತು. ಆದರೆ ಹಿಂದೆ ನಿಂತಿದ್ದ ತಾಯಂದಿರಲ್ಲಿ ಒಬ್ಬರೂ ನನ್ನ ಪರವಾಗಿ ಬಾಯಿ ತೆರೆಯಲಿಲ್ಲ. ನಿನ್ನೆವರೆಗೆ ಕೆನ್ನೆಯ ಬಣ್ಣ ಕಮ್ಮಿಯಾಯಿತೆಂದು ರೇಗಿಸುತ್ತಿದ್ದವರೇ ಈಗ ಬಾಗಿಲಲ್ಲಿ ನಿಂತು ಮಕ್ಕಳ ಕೆನ್ನೆಯನ್ನು ಸೆರಗಿನಿಂದ ಉಜ್ಜುತ್ತಿದ್ದರು. ಅದನ್ನು ನೋಡಿ ಆದ ಸಂಕಟ ಹೇಳಿ ಪ್ರಯೋಜನವಿಲ್ಲ. ನನ್ನ ಜಾಗಕ್ಕೆ ರತ್ನಿ ಎಂಬ ಹುಡುಗಿಯನ್ನು ಗೊತ್ತುಮಾಡಿದರು. ಮೂಲೆಮೂಲೆಯ ನನ್ನ ಬಣ್ಣವನ್ನೆಲ್ಲ ತೊಳೆಸಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಎರಡು ದಿನ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಕಮಿಟಿಯವರು ಹಾಳಾಗಿ ಹೋಗಲಿ, ಅವರ ಮಾತಿಗೆ ನಾನು ಅಳುವವಳಲ್ಲ. ಜಯಶೀಲಾಳ "ನೀನು ಬರ್ಬೇಡ" ಮಾತ್ರ ಕಿವಿಯಿಂದ ಇಳಿಯಲೊಲ್ಲದು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ನಿಜವಾಗಿಯೂ ನನ್ನ ಕೈಯಿಂದಲೇ ಆಗಿದ್ದರೆ? ಎಷ್ಟು ತೊಳೆದರೂ ಹೋಗದ್ದು ಏನಾದರೂ ನನ್ನ ಕೈಯಲ್ಲಿದ್ದರೆ? ಪಣ್ಣಿಗೆ ಏನಾದರೂ ಆದರೆ ಈ ಕೈ ಇಟ್ಟುಕೊಂಡು ನಾನು ಏನು ಮಾಡಲಿ?

ಮೂರನೆಯ ದಿನ ವನಮಾಲಾ ಟೀಚರ್ ಬಂದರು. "ಮತ್ತೆ ಇಬ್ರಿಗೆ ಶುರುವಾಗಿದೆ ತಾಯಕ್ಕ. ರತ್ನಿ ಬಂದಮೇಲೇ ಸೇರಿದ ಹೊಸ ಮಗು ಒಂದು, ನೀನು ಅದನ್ನ ಮುಟ್ಟೇ ಇಲ್ಲ," ಎಂದರು. ನನಗೆ ಸಮಾಧಾನವಾಯಿತು ಎಂದರೆ ಮಕ್ಕಳು ಕಾಯಿಲೆ ಬಿದ್ದದ್ದಕ್ಕೆ ಖುಷಿಪಟ್ಟ ಹಾಗಾಗುತ್ತದೆ. ಆದರೂ ಆಯಿತು. ಸೀರೆ ಬದಲಾಯಿಸಿ ಆಸ್ಪತ್ರೆಗೆ ಹೋದೆ.

ಮಕ್ಕಳ ವಾರ್ಡಿನ ಬಾಗಿಲಲ್ಲಿ ಜಯಶೀಲಾಳ ಅತ್ತೆ ಕೂತಿದ್ದಳು. "ಒಳಕ್ಕೆ ಬಿಡಬ್ಯಾಡ ಅಂದವ್ಳೆ ಕಣವ್ವ. ಮಗ ಉಸಾರಾಗ್ತಾ ಐತೆ, ಗ್ಲೂಕೋಸು ಬಿಚ್ಚವ್ರೆ. ಆಚಿಂದ ನೋಡ್ಕೊಂಡು ಹೋಗು," ಎಂದಳು. ಗೋಡೆಗೊಂದು ಗಾಜಿನ ಕಿಟಕಿ ಇತ್ತು. ಅಲ್ಲಿ ನಿಂತು ನೋಡಿದೆ. ಪಣ್ಣಿ ಮಂಚದ ಮೇಲೆ ಕೂತಿದ್ದಳು. ಸೊರಗಿಹೋಗಿದ್ದಳು, ಆದರೆ ಕೂತಿದ್ದಳು. ಜಯಶೀಲಾ ಚಮಚದಲ್ಲಿ ಒಂದೊಂದೇ ಗುಟುಕು ಓಆರ್‌ಎಸ್ ಕುಡಿಸುತ್ತಿದ್ದಳು. ಅಷ್ಟು ಸಾಕಾಯಿತು ನನಗೆ. ಬದುಕಿದೆಯಾ ಬಂಗಾರ ಎಂದುಕೊಂಡೆ. ಕಣ್ಣೀರು ಬಂತು, ಒರೆಸಿಕೊಂಡೆ, ಕಣ್ಣ ಸುತ್ತ ಬದನೆಕಾಯಿ ಆಯಿತು.

ಹತ್ತೊಂಬತ್ತು ವರ್ಷದಲ್ಲಿ ನಾನು ಒಂದು ಮಗುವನ್ನು ಸುಮ್ಮನೆ ನೋಡುತ್ತಾ ನಿಂತದ್ದೇ ಇಲ್ಲ. ನೋಡುವಾಗಲೆಲ್ಲ ಕೈಯಲ್ಲಿ ಒಂದು ಕೆಲಸ ಇರುತ್ತಿತ್ತು. ಅವತ್ತು ಕೈ ಖಾಲಿ, ಮಧ್ಯೆ ಗಾಜು. ಹಾಗಾಗಿ ನೋಡಿದೆ. ಪಣ್ಣಿಯ ಬಲಗೈ ಚಡ್ಡಿಯೊಳಗೆ ಹೋಗಿ ಕೆರೆದುಕೊಂಡು ಬಂತು. ಬಂದದ್ದೇ ಮಂಚದ ಕಂಬಿ ಹಿಡಿಯಿತು. ಆಮೇಲೆ ಬಾಯಿಗೆ ಹೋಯಿತು. ಆಮೇಲೆ ಪಕ್ಕದ ಮಂಚದ ಹುಡುಗನ ಬಿಸ್ಕೆಟ್ಟಿಗೆ ಹೋಯಿತು. ಆ ಹುಡುಗ ಬಿಸ್ಕೆಟ್ಟು ಕಿತ್ತುಕೊಂಡು ತಾನು ಕಚ್ಚಿದ. ಕಂಬಿಯ ಮೇಲೆ ಏನೂ ಇಲ್ಲ, ಬಿಸ್ಕೆಟ್ಟಿನ ಮೇಲೆ ಏನೂ ಇಲ್ಲ. ಜಯಶೀಲಾ ಎದ್ದುಹೋಗಿ ತನ್ನ ಕೈಗೆ ಸೋಪು ಹಚ್ಚಿ ತಿಕ್ಕಿ ತಿಕ್ಕಿ ತೊಳೆದುಕೊಂಡು ಬಂದಳು. ಮಗುವಿನ ಕೈಯ ಕಡೆ ಅವಳೂ ನೋಡಲಿಲ್ಲ. ಯಾಕೆ ನೋಡಬೇಕು? ಹಾಲುಗೈ ಅಲ್ಲವೇ?

ನನ್ನ ಕಣ್ಣ ಮುಂದೆ ಮೊಸರನ್ನದ ಪಾತ್ರೆ ಬಂತು. ಲಿಖಿತನ ಸೊಂಟ ಹಿಡಿದು ಬಗ್ಗಿಸಿದ್ದು ನಾನು. ಅದರ ಮಾರನೆಯ ದಿನ ಇನ್ನೊಬ್ಬನನ್ನು ಬಗ್ಗಿಸಿದ್ದು ನಾನು.

ಡಾಕ್ಟರಮ್ಮ ನಸೀಮಾ ಎದುರಾದರು. ಬೇರೆ ಊರಿನಿಂದ ಬಂದವರು, ಬಂದ ಮೂರನೆಯ ತಿಂಗಳಿಗೆ ಅವರ ಕೈಗೂ ತಿಳಿಗುಲಾಬಿ ಬಣ್ಣ ಇಳಿದಿತ್ತು. "ಡಾಕ್ಟ್ರೇ, ಮಕ್ಕಳ ಕೈಯಿಂದ ಭೇದಿ ಹರಡುತ್ತಾ?" ಎಂದು ಕೇಳಿದೆ. ಅವರು ಅಲ್ಲೇ ನಿಂತುಬಿಟ್ಟರು.

"ಈ ಊರಿಗೆ ಬಂದ ದಿನದಿಂದ ಹೇಳ್ತಾ ಇದೀನಮ್ಮ. 'ಹಾಲುಗೈ ಡಾಕ್ಟ್ರೇ' ಅಂತ ನಗ್ತಾರೆ. ಮಕ್ಕಳಿಂದ ಮಕ್ಕಳಿಗೆ ಹೋಗೋದೇ ಹಾಗೆ. ಅದೂ ಒಂದೇ ಕೋಣೇಲಿ ಇಪ್ಪತ್ತು ಮಕ್ಕಳಿದ್ರೆ ಕೇಳ್ಬೇಕಾ? ಗುರುತು ಕಾಣಲ್ಲ ಅಂದ್ರೆ ಮುಟ್ಟಿಲ್ಲ ಅಂತಾನಾ?"

"ಅಲ್ಲ ಡಾಕ್ಟ್ರೇ. ಕಾಣೋ ಹಾಗೆ ಮಾಡಿದ್ರೆ?" ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಾನು ಆಗಲೇ ತರಕಾರಿ ಮಾರ್ಕೆಟ್ಟಿನ ಕಡೆ ಹೊರಟಿದ್ದೆ.

ಮರುದಿನ ಎಂಟು ಗಂಟೆಗೆ ಒಂದು ಡಬ್ಬಿ ಹಿಡಿದು ಶಿಶುವಿಹಾರದ ಗೇಟಿನಲ್ಲಿ ನಿಂತೆ. ಶಿವನಂಜಪ್ಪನವರು ಮೊಮ್ಮಗನನ್ನು ಬಿಡಲು ಬಂದಿದ್ದರು. "ಇದೇನು ತಾಯಕ್ಕ, ಮತ್ತೆ ಬಂದ್ಯಾ?" ಎಂದರು.

"ನಾನು ಒಳಗೆ ಕಾಲಿಡಲ್ಲ ನಂಜಪ್ಪೋರೆ, ಏನನ್ನೂ ಮುಟ್ಟಲ್ಲ. ಈ ಡಬ್ಬೀಲಿರೋದು ಬೀಟ್‌ರೂಟ್ ತುರಿದು ಹಿಂಡಿದ ರಸ. ಇದನ್ನ ಟೀಚರ್ ಮೂರು ಮಕ್ಕಳ ಕೈಗೆ ಹಚ್ಲಿ, ಮೂರೇ ಮಕ್ಕಳು. ಮಧ್ಯಾಹ್ನ ಊಟದ ಹೊತ್ತಿಗೆ ಬಂದು ನೋಡಿ. ಅದಾದ್ಮೇಲೂ ನೀವು ಹೋಗು ಅಂದ್ರೆ ಈ ಬೀದೀಲಿ ನನ್ನ ನೆರಳು ಕಾಣಲ್ಲ."

"ಹಾಲುಗೈಗೆ ಬಣ್ಣ ಹಚ್ಚೋದಾ? ಛೆ, ಎಲ್ಲಾದ್ರೂ ಉಂಟೇ?"

"ಪಲ್ಯ ತಿಂದ್ರೂ ಅಂಟುತ್ತೆ ಸ್ವಾಮಿ, ಅದಕ್ಯಾಕಿಷ್ಟು ಹೆದರ್ತೀರಾ?" ಎಂದರು ಗೇಟಿಗೆ ಬಂದಿದ್ದ ಟೀಚರ್. ಯಾವತ್ತೂ ಮೆತ್ತಗೆ ಮಾತಾಡುವ ಹೆಂಗಸು, ಅವತ್ತು ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋಗಿಬಿಟ್ಟರು. ಮೂವರಲ್ಲಿ ಒಬ್ಬ ಹರ್ಷ.

ನಾನು ಎದುರಿನ ಕಟ್ಟೆಯ ಮೇಲೆ ಕೂತೆ. ಒಳಗಿನಿಂದ ಹಾಡು ಕೇಳಿಸಿತು, ಅಳು ಕೇಳಿಸಿತು, ತಟ್ಟೆ ಬಿದ್ದ ಸದ್ದು ಕೇಳಿಸಿತು. ಎದ್ದು ಓಡುವ ಹಾಗಾಗುತ್ತಿತ್ತು, ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಹತ್ತೂವರೆಗೆ ಹರ್ಷ ಗೇಟಿಗೆ ಓಡಿಬಂದು, ಅಲ್ಲೇ ಸುಳಿದಾಡುತ್ತಿದ್ದ ತಾತನಿಗೆ ತನ್ನ ಅರ್ಧ ರಸ್ಕು ತಿನ್ನಿಸಿದ. ತಾತ ಖುಷಿಯಿಂದ ತಿಂದರು. ನಾನು ಕಟ್ಟೆಯ ಮೇಲಿಂದಲೇ ನೋಡಿಕೊಂಡೆ.

ಹನ್ನೆರಡೂವರೆಗೆ ವನಮಾಲಾ ಟೀಚರ್ ಹೊರಗೆ ಬಂದು "ಎಲ್ರೂ ಬನ್ನಿ" ಎಂದರು. ಊಟದ ಬಿಡುವಾಗಿದ್ದರಿಂದ ಕಾರ್ಖಾನೆಯ ಹೆಂಗಸರೂ ಬಂದರು. ನಾನು ಹೊಸ್ತಿಲಾಚೆಯೇ ನಿಂತು ಕತ್ತು ಚಾಚಿದೆ. ಅಬ್ಬಬ್ಬಾ! ಗೋಡೆಗೆ ಮೊಳದೆತ್ತರದಲ್ಲಿ ಸಾಲಾಗಿ ಕೆಂಪು. ಮರದ ಕುದುರೆಯ ಕಿವಿ ಕೆಂಪು. ನೀರಿನ ಲೋಟಗಳ ಒಳಗಡೆ, ಹೊರಗಲ್ಲ, ಒಳಗಡೆ ಕೆಂಪು. ರತ್ನಿಯ ಸೀರೆಯ ನೆರಿಗೆ ಕೆಂಪು. ಹಚ್ಚಿದ್ದು ಮೂವರಿಗೆ, ಕೆಂಪಾದ ಬಾಯಿಗಳು ಹನ್ನೊಂದು. ಕೊನೆಯಲ್ಲಿ ಟೀಚರ್ ಮೊಸರನ್ನದ ಪಾತ್ರೆಯ ಮುಚ್ಚಳ ತೆಗೆದರು. ಅವತ್ತಿನ ಸರದಿ ಹರ್ಷನದಾಗಿತ್ತು, ಅವನು ಕೈ ಹಾಕಿದ್ದೇ ಟೀಚರ್ ಪಾತ್ರೆ ಮುಚ್ಚಿಟ್ಟಿದ್ದರು. ಬೆಳ್ಳಗಿನ ಅನ್ನದ ನಡುವೆ ಐದು ಬೆರಳಿನ ಕೆಂಪು ಗುಳಿ, ಅದರ ಸುತ್ತ ಗುಲಾಬಿಯಾಗಿ ಹರಡಿಕೊಂಡ ಮೊಸರು.

ಅಷ್ಟರಲ್ಲಿ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ಶಿವನಂಜಪ್ಪನವರ ಬಿಳಿಮೀಸೆಯ ಬಲತುದಿ ಕೆಂಪಾಗಿತ್ತು. ಅವರು ಮುಟ್ಟಿ ನೋಡಿಕೊಂಡರು, ಬೆರಳನ್ನು ನೋಡಿದರು, ಪಾತ್ರೆಯನ್ನು ನೋಡಿದರು. ಪಾಪ, ಮುಖ ಹುಳ್ಳಗಾಯಿತು. "ಇಷ್ಟು ವರ್ಷ ನಾವು ಬಣ್ಣ ಕಂಡದ್ದನ್ನ ಮಾತ್ರ ತೊಳೆದ್ವಿ ಅನ್ನು," ಎಂದರು ಮೆಲ್ಲಗೆ.

ನನಗೆ ಗೆದ್ದೆ ಎನ್ನಿಸಬೇಕಿತ್ತು. ಒಂದು ಕ್ಷಣ ಅನ್ನಿಸಿತು ಕೂಡ, ಸುಳ್ಳು ಯಾಕೆ. ಆದರೆ ಆ ಐದು ಬೆರಳಿನ ಗುಳಿ ನೋಡುತ್ತಾ ನಿಂತವಳಿಗೆ ತಡೆಯಲಾಗಲಿಲ್ಲ. "ಎತ್ತಿ ಬಗ್ಗಿಸ್ತಿದ್ದೋಳು ನಾನೇ ಕಣ್ರೋ. ನನ್ನ ಕೈ ತೊಳ್ಕೊಂಡೆ, ಮಕ್ಕಳ ಕೈ ತೊಳೀಲಿಲ್ಲ. ನನ್ನ ತಪ್ಪೂ ಇದೆ," ಎಂದೆ. ಆ ಗುಂಪಿನಲ್ಲಿ ಜಯಶೀಲಾ ಇರಲಿಲ್ಲ. ಇದ್ದಿದ್ದರೆ ಎಂದುಕೊಂಡೆ.

ಸೋಮವಾರದಿಂದ ನಾನು ಮತ್ತೆ ಒಳಗೆ ಹೋದೆ. ರತ್ನಿಯನ್ನೂ ಕಳಿಸಲಿಲ್ಲ. ಕುಂಡಿ ತೊಳೆಯುವ ಕೆಲಸ ಅವಳದು, ಅಡುಗೆ ಮತ್ತು ಉಣಿಸುವುದು ನನ್ನದು, ಒಂದು ಮಾಡಿದವರು ಇನ್ನೊಂದನ್ನು ಮಾಡಕೂಡದೆಂದು ಡಾಕ್ಟರಮ್ಮ ಬಂದು ಹೇಳಿಕೊಟ್ಟರು. ಭೇದಿಯಾದ ಮಗುವನ್ನು ಅದು ಪೂರ್ತಿ ನಿಂತು ಎರಡು ದಿನ ಆಗುವವರೆಗೆ ಕರೆತರುವಂತಿಲ್ಲ ಎಂದರು. "ಎರಡೇ ಸಲ" ಎನ್ನುವ ತಾಯಂದಿರಿಗೆ ಕಾರ್ಖಾನೆಯವರು ರಜೆ ಕೊಡಬೇಕೆಂದು ಶಿವನಂಜಪ್ಪನವರೇ ಹೋಗಿ ಜಗಳ ಮಾಡಿ ಬಂದರು. ಮೀಸೆಯ ಕೆಂಪು ಹೋಗಿತ್ತು, ಆದರೆ ಜನ ಮರೆತಿರಲಿಲ್ಲ. ಅಂಗಳದಲ್ಲಿ ಮಕ್ಕಳ ಸೊಂಟದೆತ್ತರಕ್ಕೆ ನಾಲ್ಕು ನಲ್ಲಿ ಹಾಕಿಸಿದರು.

ಅಜ್ಜಿಯರು ಸುಮ್ಮನಿರುತ್ತಾರೆಯೇ? ಮೂರ್ನಾಲ್ಕು ಜನ ಕೋಲೂರಿಕೊಂಡು ಬಂದೇಬಿಟ್ಟರು. "ಹಾಲುಗೈಗೆ ಸೋಪು ಹಾಕ್ತೀಯಾ? ನಾಳೆ ಇವುಕ್ಕೆ ಬಣ್ಣ ಮಾಸಲಾಗಿ ಇಳುದ್ರೆ ಯಾವೋಳು ಹೊಣೆ?" ಎಂದು ಕೂಗಾಡಿದರು. "ಕೈ ಮಾಸಲಾದ್ರೆ ಆಗ್ಲಿ ಅಜ್ಜಿ, ಮಗು ಮಾಸಲಾಗೋದು ಬೇಡ. ಬನ್ನಿ, ನೀವೇ ಹಚ್ಚಿ," ಎಂದು ಒಬ್ಬಳ ಕೈಗೆ ಸೋಪು ಕೊಟ್ಟೆ. ಬೈಯುತ್ತಲೇ ಹಚ್ಚಿದಳು. ನೊರೆ ಕಂಡು ಮಗು ನಕ್ಕಿತು, ಅವಳೂ ನಕ್ಕಳು. ಈಗ ಅವಳು ದಿನಾ ಹನ್ನೆರಡಕ್ಕೆ ಬಂದು ನಲ್ಲಿಯ ಹತ್ತಿರ ಕೂತು ಬೆರಳ ಸಂದಿಯನ್ನೆಲ್ಲ ತಪಾಸಣೆ ಮಾಡುತ್ತಾಳೆ. ನನ್ನನ್ನೂ ಬಿಡುವುದಿಲ್ಲ. ಮೊದಲ ತುತ್ತಿನ ಪದ್ಧತಿಯನ್ನು ಬಿಡಲು ಯಾರಿಗೂ ಮನಸ್ಸಿರಲಿಲ್ಲ, ನನಗಂತೂ ಮೊದಲೇ ಇರಲಿಲ್ಲ. ಈಗ ಸರದಿಯ ಮಗು ಕೈ ತೊಳೆದು, ಪಾತ್ರೆಗೆ ಕೈ ಹಾಕದೆ, ಪುಟ್ಟ ಸೌಟಿನಿಂದ ಎಲ್ಲರ ತಟ್ಟೆಗೂ ಒಂದೊಂದು ಗುಪ್ಪೆ ಬಡಿಸುತ್ತದೆ. ಅರ್ಧ ನೆಲಕ್ಕೆ ಬೀಳುತ್ತದೆ, ಕಾಗೆಗಳಿಗೆ ಹಬ್ಬ. ಮೂರು ವಾರ ಕಳೆಯುವುದರಲ್ಲಿ ಭೇದಿ ಪೂರ್ತಿ ನಿಂತಿತು. ಮಕ್ಕಳ ಕೆನ್ನೆಗೆ ಮತ್ತೆ ಬದನೆಕಾಯಿ ಬಂತು, ತಾಯಂದಿರು ಮತ್ತೆ ರೇಗಿಸತೊಡಗಿದರು. ನಾನೂ ಹಳೆಯದನ್ನು ಎತ್ತಿ ಆಡಲಿಲ್ಲ.

ಪಣ್ಣಿ ಮಾತ್ರ ಬರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಹೋಗಿ, ಮೈ ಕೈ ತುಂಬಿಕೊಂಡು, ಅಜ್ಜಿಯ ಕೈಕೋಲು ಎಳೆದಾಡುತ್ತಾಳೆ ಎಂದು ಸುದ್ದಿ ಬರುತ್ತಿತ್ತು. ಮಂದ ಕಣ್ಣಿನ ಮುದುಕಿಯ ಹತ್ತಿರ ಅಂಥ ಪುಂಡಿಯನ್ನು ಬಿಟ್ಟು ಜಯಶೀಲಾ ಕೆಲಸಕ್ಕೆ ಬರುತ್ತಿದ್ದಳು, ನಮ್ಮ ಗೇಟು ತಪ್ಪಿಸಿ ಹಿಂದಿನ ಓಣಿಯಿಂದ. ಬೀಟ್‌ರೂಟಿನ ಕಥೆ ಅವಳ ಕಿವಿಗೂ ಬಿದ್ದಿತ್ತು, ಬೀಳದೇ ಇರುತ್ತದೆಯೇ? ಹೋಗಿ ಮಾತಾಡಿಸು ಎಂದರು ಟೀಚರ್. ನಾನ್ಯಾಕೆ ಹೋಗಲಿ? ಬರಬೇಡ ಅಂದವಳು ಅವಳು, ಬಾ ಅನ್ನಬೇಕಾದವಳೂ ಅವಳೇ. ಹೀಗೆ ಬಿಗಿದುಕೊಂಡು ಇದ್ದೆ. ಆದರೆ ದಿನಾ ಮಧ್ಯಾಹ್ನ ಒಂದು ತಟ್ಟೆ ಹೆಚ್ಚಿಗೆ ಹಾಕಿ, ಆಮೇಲೆ ಅದನ್ನು ತೆಗೆದಿಡುತ್ತಿದ್ದೆ.

ಒಂದು ಗುರುವಾರ ಬೆಳಗ್ಗೆ ಮಕ್ಕಳಿಗೆ ಕೂರಲು ಚಾಪೆ ಹಾಸುತ್ತಿದ್ದೆ. ತಲೆ ಎತ್ತಿದರೆ ಗೇಟಿನಲ್ಲಿ ಜಯಶೀಲಾ, ಕಂಕುಳಲ್ಲಿ ಪಣ್ಣಿ. ಸೈರನ್ನು ಆಗಲೇ ಆಗಿತ್ತು, ಅವಳಿಗೆ ತಡವಾಗಿತ್ತು. ಮೆಟ್ಟಿಲವರೆಗೆ ಬಂದಳು. ಏನೇನೋ ಹೇಳಬೇಕೆಂದು ಬಂದಿದ್ದಳೆಂದು ಕಾಣುತ್ತದೆ, ಕೊನೆಗೆ "ತಗೋ ತಾಯಕ್ಕ" ಎಂದು ಮಗುವನ್ನು ಮುಂದೆ ಚಾಚಿದಳು. ಪಣ್ಣಿ ಎರಡೂ ಕೈ ಚಾಚಿ "ತಾಯಿ, ಎತ್ತು" ಎಂದಳು.

ಐವತ್ತು ದಿನದಿಂದ ಈ ಮಾತಿಗೆ ಕಾದಿದ್ದವಳು ನಾನು. ನನ್ನ ಕೈ ತಾನಾಗಿಯೇ ಎದ್ದಿತು. ಎದ್ದದ್ದನ್ನು ಹಾಗೇ ತಡೆದೆ. ಸ್ವಲ್ಪ ಮೊದಲು ಒಂದು ಮಗುವಿನ ಮೂಗು ಒರೆಸಿದ್ದೆ.

"ಇರು," ಎಂದು ನಲ್ಲಿಯ ಕಡೆ ತಿರುಗಿದೆ.

ಪಣ್ಣಿಗೆ ಅದು ಎಂಥ ಅವಮಾನ! ಬೀದಿ ಕಿತ್ತುಹೋಗುವ ಹಾಗೆ ಕಿರುಚಿದಳು. ಕೆನ್ನೆಯ ಮೇಲೆ ಕಣ್ಣೀರು ಧಾರೆಯಾಗಿ ಇಳಿಯಿತು. ಆ ನೀರನ್ನು ಕಂಡು ನನಗಾದ ಸಂತೋಷ ಯಾವ ತಾಯಿಗೂ ಆಗಿರಲಾರದು. ಅಂಗೈ, ಹಿಂಗೈ, ಬೆರಳ ಸಂದಿ, ಉಗುರು, ಮಣಿಕಟ್ಟು, ಒಂದನ್ನೂ ಬಿಡದೆ ಸೋಪು ಹಚ್ಚಿದೆ.

"ಎತ್ಕೋ ಅಕ್ಕ, ಅಳ್ತಾ ಇದೆ," ಎಂದಳು ಜಯಶೀಲಾ. ಅವಳೂ ಅಳುತ್ತಿದ್ದಳು.

"ಅಳ್ಲಿ ಬಿಡೆ," ಎಂದೆ. ನಾನೂ ಅಳುತ್ತಿದ್ದೆ, ನಲ್ಲಿಯ ಕಡೆ ತಿರುಗಿದ್ದರಿಂದ ಅವಳಿಗೆ ಗೊತ್ತಾಗಲಿಲ್ಲ.

ತಿರುಗಿ ಎತ್ತಿಕೊಂಡೆ. ಪಣ್ಣಿ ಮೊದಲು ನನ್ನ ಮೂಗಿಗೆ ಒಂದು ಗುದ್ದಿದಳು, ಆಮೇಲೆ ಕತ್ತು ತಬ್ಬಿ ಹಿಡಿದುಕೊಂಡಳು. ಜಯಶೀಲಾ ಕಣ್ಣೊರೆಸಿಕೊಂಡು, "ಅಯ್ಯೋ, ಗೇಟು ಹಾಕ್ತಾರೆ" ಎಂದು ಸೀರೆ ಎತ್ತಿ ಕಟ್ಟಿ ಕಾರ್ಖಾನೆಯ ಕಡೆ ಓಡಿದಳು. ಒಂದು ಸಲವೂ ಹಿಂದಕ್ಕೆ ತಿರುಗಿ ನೋಡಲಿಲ್ಲ.